ಕ್ಯಾಮೆರಾ, ಪ್ರಾರ್ಥನೆ ಮತ್ತು ಗೆಳತಿಯ ಕಾಯಿಲೆ

(ಮಹಿಳಾ ವೇದಿಕೆಯ ಆನ್‌ಲೈನ್ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



‘ನನ್ನ ಹವ್ಯಾಸ’ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ಫೋಟೋಗ್ರಫಿ ಬಗ್ಗೆ ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಆದರೆ ಕಳೆದ ಒಂದು ವರ್ಷದಲ್ಲಿ ನನ್ನ ಕ್ಯಾಮೆರಾ, ನನ್ನ ದೇವರು ಮತ್ತು ನನ್ನ ಗೆಳತಿಯ ಕಾಯಿಲೆ ಒಂದಕ್ಕೊಂದು ಹೆಣೆದುಕೊಂಡುಬಿಟ್ಟಿವೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡಲಾರೆ. ಗೆಳತಿಯ ಅನುಮತಿ ಪಡೆದೇ ಮಾತಾಡುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾಳೆ.

ನನ್ನ ಪರಿಚಯ ಎರಡು ಮಾತಿನಲ್ಲಿ. ಊರು ಧಾರವಾಡ. ಎಂ.ಟೆಕ್ ಮುಗಿಸಿ ವಿಶಾಖಪಟ್ಟಣದಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕನ್ನಡ ಕ್ರೈಸ್ತ ಕುಟುಂಬ. ಬಾಸೆಲ್ ಮಿಷನ್ ಅಂದರೆ ನಿಮಗೆಲ್ಲ ಕಿಟೆಲ್ ನೆನಪಾಗುತ್ತಾರೆ, 1894ರಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಪ್ರಾರ್ಥನೆಯೂ ಕನ್ನಡದಲ್ಲೇ, ಜಗಳವೂ ಕನ್ನಡದಲ್ಲೇ!

ನನ್ನ ಕ್ಯಾಮೆರಾಕ್ಕೆ ಮೂರು ಇಷ್ಟದ ವಿಷಯಗಳಿವೆ. ಮೊದಲನೆಯದು ಬೆಳಗಿನ ಕಡಲು. ಕಾರವಾರ, ಮಲ್ಪೆ ನೋಡಿ ಬೆಳೆದ ನಮಗೆ ಸೂರ್ಯ ಕಡಲಲ್ಲಿ ಮುಳುಗುವವನು. ವಿಶಾಖಪಟ್ಟಣದಲ್ಲಿ ಕಡಲಿಂದ ಏಳುತ್ತಾನೆ. ಮೀನುಗಾರಿಕೆ ಬಂದರಿಗೆ ಬೆಳಗಿನ ಜಾವ ಹೋದರೆ ದೋಣಿಗಳ ಹಿಂದೆ ಡಾಲ್ಫಿನ್ಸ್ ನೋಸ್ ಗುಡ್ಡ ಕಪ್ಪಗೆ ನಿಂತಿರುತ್ತದೆ. ಬೆಳಕು ಹತ್ತು ನಿಮಿಷಕ್ಕೊಂದು ಬಣ್ಣ ತಿರುಗುತ್ತದೆ.

ಎರಡನೆಯದು ಕೈಗಳು. ಮೀನು ಆರಿಸುವ ಹೆಂಗಸರ ಕೈ, ಬಲೆ ಹೆಣೆಯುವ ಮುದುಕರ ಕೈ. ಮುಖ ತೆಗೆಯಬೇಕಾದರೆ ಒಪ್ಪಿಗೆ ಕೇಳಬೇಕು, ಕೇಳಿದ ತಕ್ಷಣ ಮುಖ ಫೋಟೋಗೆ ತಯಾರಾಗಿಬಿಡುತ್ತದೆ. ಕೈ ಹಾಗಲ್ಲ, ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಮೂರನೆಯದು ಮೆಟ್ಟಿಲು ಹತ್ತುವ ಜನ. ವಿಶಾಖಪಟ್ಟಣದ ಬಂದರಿನ ಪಕ್ಕ ಮೂರು ಗುಡ್ಡಗಳಿವೆ. ರಾಸ್ ಹಿಲ್ ಮೇಲೆ ಮೇರಿ ಮಾತೆಯ ಚರ್ಚು, ಇನ್ನೊಂದರ ಮೇಲೆ ದರ್ಗಾ, ಮತ್ತೊಂದರ ಮೇಲೆ ವೆಂಕಟೇಶ್ವರ. ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗಮ್ಮ, ಊರಿನ ಇನ್ನೊಂದು ಬದಿಗೆ ಗುಣದಲ ಗುಡ್ಡದಲ್ಲಿ ಮೇರಿ ಮಾತೆ. ಹತ್ತುವವರ ಬೆನ್ನು ನೋಡಿ ಯಾರು ಯಾವ ದೇವರಿಗೆ ಹೊರಟವರು ಎಂದು ಹೇಳಲಾಗದು. ಎಲ್ಲರ ಬೆನ್ನೂ ಒಂದೇ ರೀತಿ ಬಾಗಿರುತ್ತದೆ.

ಈಗ ಗೆಳತಿಯ ವಿಷಯ. ಎಂ.ಟೆಕ್‌ನಲ್ಲಿ ನನ್ನ ರೂಮ್‌ಮೇಟ್, ಬಳ್ಳಾರಿ ಹುಡುಗಿ, ಮದುವೆಯಾಗಿ ವಿಜಯವಾಡ ಸೇರಿದವಳು. ಹಂಪಿ ವಿರೂಪಾಕ್ಷನ ಭಕ್ತೆ. ಕಳೆದ ವರ್ಷ ಅವಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್, ಆಮೇಲೆ ಕೀಮೋ. ನಾನು ಎರಡು ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಹೊತ್ತುಕೊಂಡು ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತುತ್ತಿದ್ದೆ. ತುನಿ, ಅನ್ನಾವರಂ, ರಾಜಮಂಡ್ರಿಯ ಗೋದಾವರಿ, ಏಲೂರು ದಾಟಿ ಸಂಜೆಗೆ ವಿಜಯವಾಡ. ಅವಳ ಆರೋಗ್ಯ ಚೆನ್ನಾಗಿದ್ದ ದಿನ ಪ್ರಕಾಶಂ ಬ್ಯಾರೇಜ್‌ಗೆ ಹೋಗಿ ಕೃಷ್ಣೆಯನ್ನು ನೋಡುತ್ತಿದ್ದೆವು. ‘ನಮ್ಮ ಆಲಮಟ್ಟಿ ನೀರು ಇಲ್ಲಿಗೂ ಬಂದೈತಿ ನೋಡು’ ಎನ್ನುತ್ತಿದ್ದಳು.

ಕಾಯಿಲೆಯವರ ಮನೆಗೆ ಬಂದವರು ಬರಿಗೈಯಲ್ಲಿ ಬರುವುದಿಲ್ಲ, ಸಲಹೆ ತರುತ್ತಾರೆ. ಆ ಎಣ್ಣೆ, ಈ ಕಷಾಯ, ಆ ಊರಿನ ವೈದ್ಯ. ಅದು ಹೇಗೋ ತಡೆದುಕೊಳ್ಳಬಹುದು. ಆದರೆ ನನ್ನ ಮೂಲಕ ಪರಿಚಯವಾದ ಒಬ್ಬರು, ನನ್ನದೇ ಧರ್ಮದವರು, ‘ನಿಮ್ಮ ದೇವರನ್ನು ಬಿಟ್ಟು ನಂಬಿದರೆ ಗುಣವಾಗುತ್ತದೆ’ ಎಂದು ಅವಳಿಗೆ ಫೋನಿನಲ್ಲಿ ಹೇಳಿದರು. ಅವಳು ಅತ್ತಳು. ಮುಂದಿನ ಸಲ ನಾನು ಹೋದಾಗ ನೇರವಾಗಿ ಕೇಳಿದಳು, ‘ನಾ ಆರಾಮಾದ್ರ ನಿಮ್ಮ ಯೇಸು ಮಾಡಿದಾ ಅಂತೀರಿ. ಆಗಲಿಲ್ಲಂದ್ರ ಏನಂತೀರಿ? ನನ್ನ ನಂಬಿಕಿ ಸಾಲಲಿಲ್ಲ ಅಂತೀರೇನು?’

ಅಕ್ಕಂದಿರೆ, ಭಾನುವಾರದ ಶಾಲೆಯಲ್ಲಿ ಕಲಿತ ಯಾವ ಉತ್ತರವೂ ಆ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಅಂದು ರಾತ್ರಿ ಬೈಬಲ್ ತೆಗೆದು ಕುಳಿತೆ. ಚಿಕ್ಕಂದಿನಿಂದ ಕೇಳಿದ ಕಥೆಗಳೇ ಬೇರೆ ತರಹ ಕಂಡವು.

ಕಪೆರ್ನೌಮಿನಲ್ಲಿ ಒಬ್ಬ ಪಾರ್ಶ್ವವಾಯು ರೋಗಿ. ಯೇಸು ಇದ್ದ ಮನೆಯಲ್ಲಿ ಜನ ಕಿಕ್ಕಿರಿದಿದ್ದರಿಂದ ನಾಲ್ವರು ಅವನನ್ನು ಹೊತ್ತು ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಇಳಿಸಿದರು. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು ಎಂದು ಸುವಾರ್ತೆ ಹೇಳುತ್ತದೆ. ಮಲಗಿದವನಿಗೆ ಪರೀಕ್ಷೆ ಇಡಲಿಲ್ಲ. ಆಳಿನ ಕಾಯಿಲೆಗಾಗಿ ಬೇಡಿಕೊಂಡ ರೋಮನ್ ಶತಾಧಿಪತಿಗೂ ಧರ್ಮ ಬದಲಿಸು ಎಂಬ ಷರತ್ತು ಹಾಕಲಿಲ್ಲ.

ಯೋಬನ ಕಥೆಯಲ್ಲಿ ಮೂವರು ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯತನಕ ಅವರು ಒಳ್ಳೆಯ ಗೆಳೆಯರು. ಬಾಯಿ ಬಿಟ್ಟು ‘ನೀನು ಏನೋ ಪಾಪ ಮಾಡಿರಬೇಕು’ ಎಂದಾಗ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ.

ಗೆತ್ಸೆಮನೆ ತೋಟದಲ್ಲಿ ಯೇಸು ಸ್ವತಃ ಸಾವಿಗೆ ಹೆದರಿ ಪ್ರಾರ್ಥಿಸಿದ. ಈ ಕಷ್ಟ ತಪ್ಪಲಿ ಎಂದು ಕೇಳಿದ, ತಪ್ಪಲಿಲ್ಲ. ಹಾಗಾದರೆ ಅವನ ನಂಬಿಕೆಯೂ ಸಾಲಲಿಲ್ಲವೆ? ಅವನು ಗೆಳೆಯರಿಂದ ಬಯಸಿದ್ದು ಇಷ್ಟೇ, ನನ್ನ ಜೊತೆ ಎಚ್ಚರವಾಗಿರಿ.

ಮರುದಿನ ಅವಳಿಗೆ ಇದನ್ನೇ ಹೇಳಿದೆ. ‘ನೀ ಆರಾಮಾದ್ರ ಡಾಕ್ಟರಿಗೆ, ಔಷಧಕ್ಕ, ವಿರೂಪಾಕ್ಷಗ, ಯೇಸುವಿಗೆ ಎಲ್ಲಾರಿಗೂ ಕೈ ಮುಗಿಯೋಣ. ಆಗಲಿಲ್ಲಂದ್ರ ನನ್ನ ಹತ್ರ ಉತ್ತರ ಇಲ್ಲ. ಆದ್ರ ಎಚ್ಚರಾಗಿ ಇರ್ತೀನಿ.’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಪ್ರಾರ್ಥನಾ ಮಾಡು, ನನ್ನ ಎದುರಿಗೇ ಮಾಡು’ ಎಂದಳು.

ಆಮೇಲೆ ಗುಣದಲಕ್ಕೆ ಹೋಗೋಣ ಎಂದವಳು ಅವಳೇ. ಲೂರ್ದು ಮಾತೆಯ ಆ ಕ್ಷೇತ್ರದಲ್ಲಿ 1924ರಲ್ಲಿ ಪ್ರತಿಮೆ ಸ್ಥಾಪಿಸಿದರು. ಫ್ರಾನ್ಸಿನ ಲೂರ್ದಿನಲ್ಲಿ 1858ರ ಫೆಬ್ರವರಿ 11ರಂದು ಬೆರ್ನದೆತ್ ಎಂಬ ಹುಡುಗಿಗೆ ಮಾತೆಯ ದರ್ಶನವಾಯಿತು ಎಂಬ ನಂಬಿಕೆಯಿಂದ ಪ್ರತಿ ಫೆಬ್ರವರಿ 9ರಿಂದ 11ರವರೆಗೆ ಇಲ್ಲಿ ಜಾತ್ರೆ. ಫೆಬ್ರವರಿ 11ನ್ನೇ ಪೋಪ್ ಎರಡನೇ ಜಾನ್ ಪಾಲ್ 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. ನಾವು ಪ್ರಾಟೆಸ್ಟೆಂಟರು, ಮಾತೆಗೆ ಹರಕೆ ಹೊರುವ ರೂಢಿ ನಮ್ಮಲ್ಲಿಲ್ಲ. ಅಂದರೆ ಅಲ್ಲಿಗೆ ಹೊರಟ ನಾವಿಬ್ಬರೂ ಒಂದು ರೀತಿಯಲ್ಲಿ ಹೊರಗಿನವರೇ!

ಕೀಮೋ ಸಮಯದಲ್ಲಿ ರಕ್ತದ ಬಿಳಿಕಣ ಕಡಿಮೆಯಾಗುವುದರಿಂದ ಗುಂಪಿನಲ್ಲಿ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಹೀಗಾಗಿ ಜಾತ್ರೆ ಬಿಟ್ಟು ಮಾರ್ಚಿನ ಒಂದು ಸಾಧಾರಣ ದಿನ, ಮಾಸ್ಕ್ ಹಾಕಿಕೊಂಡು ಹೋದೆವು. ಅಲ್ಲಿ ಹಿಂದೂಗಳೂ ಬರುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಮುಡಿ ಕೊಡುತ್ತಾರೆ. ಆ ದಿನ ಹರಕೆ ತೀರಿಸಿದ ಒಂದು ಕುಟುಂಬ, ತಾಯಿ ಮಕ್ಕಳೆಲ್ಲ ತಲೆ ಬೋಳಿಸಿಕೊಂಡು ನೆರಳಲ್ಲಿ ಕೂತು ಪುಳಿಹೋರ ತಿನ್ನುತ್ತಿದ್ದರು. ನನ್ನ ಗೆಳತಿ ಅವರನ್ನು ನೋಡಿ ತಲೆಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ‘ಇಲ್ಲಿ ನನ್ನ ಯಾರೂ ಎರಡನೇ ಸಲ ನೋಡಂಗಿಲ್ಲ’ ಎಂದಳು. ಆ ತಾಯಿ ಅವಳಿಗೂ ಎಲೆಯಲ್ಲಿ ಪುಳಿಹೋರ ಕೊಟ್ಟರು. ಹೊರಗಿನದು ತಿನ್ನುವಂತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿ, ‘ತಲಿ ಬೋಳಾದ ಫೋಟೋ ಒಂದ ತೆಗಿಯಲೇ. ಕೂದಲಾ ಬಂದಮ್ಯಾಲ ನನಗ ನೆನಪಿರಬೇಕು. ಆದ್ರ ಯಾವ ಗ್ರೂಪಿಗೂ ಹಾಕಬ್ಯಾಡ’ ಎಂದಳು.

ಫೋಟೋ ತೆಗೆಯುವವರಿಗೆ ಇದು ಹಳೆಯ ಪ್ರಶ್ನೆ. ಜಪಾನಿನ ಮಿನಮಾಟಾದಲ್ಲಿ ಪಾದರಸ ವಿಷದಿಂದ ಅಂಗವಿಕಲಳಾದ ತೊಮೊಕೊ ಎಂಬ ಮಗಳಿಗೆ ತಾಯಿ ಸ್ನಾನ ಮಾಡಿಸುವ ಚಿತ್ರವನ್ನು ಯೂಜೀನ್ ಸ್ಮಿತ್ 1971ರಲ್ಲಿ ತೆಗೆದರು. ಲೋಕದ ಕಣ್ಣು ತೆರೆಸಿದ ಚಿತ್ರ ಅದು. ಆದರೆ ಮಗಳು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಅವಳು ಇನ್ನಾದರೂ ವಿಶ್ರಾಂತಿ ಪಡೆಯಲಿ ಎಂದು ತಂದೆತಾಯಿ ಬಯಸಿದಾಗ, ಸ್ಮಿತ್ ಅವರ ಪತ್ನಿಯಾಗಿದ್ದ ಐಲೀನ್ 1998ರಲ್ಲಿ ಆ ಚಿತ್ರದ ಹೊಸ ಪ್ರಕಟಣೆಯನ್ನು ನಿಲ್ಲಿಸಿದರು. ಎಷ್ಟು ದೊಡ್ಡ ಚಿತ್ರವಾದರೂ ಅದರಲ್ಲಿರುವವರ ಮಾತು ಅದಕ್ಕಿಂತ ದೊಡ್ಡದು ಎಂದು ನಾನು ಇದರಿಂದ ತಿಳಿದುಕೊಂಡೆ. ಗುಣದಲದ ಆ ಫೋಟೋವನ್ನು ಅವಳಿಗೆ ಕೊಟ್ಟು ನನ್ನ ಮೆಮೊರಿ ಕಾರ್ಡಿನಿಂದ ಅಳಿಸಿದೆ. ಈ ಸಂಚಿಕೆಯಲ್ಲಿ ಅದನ್ನು ಹುಡುಕಬೇಡಿ.

ನನ್ನ ಹತ್ತಿರ ಉಳಿದಿರುವುದು ಅವಳ ಕೈಗಳ ಚಿತ್ರಗಳು. ಸೂಜಿಯ ಮೇಲೆ ಅಂಟಿಸಿದ ಪ್ಲಾಸ್ಟರ್, ಅದರ ಕೆಳಗೆ ಹಸಿರು ಬಳೆ. ಆ ಬಳೆ ತೆಗೆಯಲು ಅವಳು ಒಪ್ಪಿರಲಿಲ್ಲ.

ಕೀಮೋ ಈಗ ಮುಗಿದಿದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಪ್ರತಿ ಸಲ ರಿಪೋರ್ಟ್ ಬರುವತನಕ ಇಬ್ಬರಿಗೂ ನಿದ್ದೆ ಇಲ್ಲ. ಪವಾಡ ಆಯಿತು ಎಂದು ನಾನು ಹೇಳುವುದಿಲ್ಲ, ಆಗಿಲ್ಲ ಎಂದೂ ಹೇಳುವುದಿಲ್ಲ. ಕೂದಲು ಬರುತ್ತಿದೆ, ಮೊದಲಿಗಿಂತ ಗುಂಗುರಾಗಿ.

ಕೊನೆಯದಾಗಿ ನಿಮಗೆಲ್ಲ ಮೂರು ಮಾತು. ಒಂದು, ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಗಂಟು ಬಹಳ ಸಲ ನೋಯುವುದಿಲ್ಲ. ನೋವಿಲ್ಲ ಎಂದು ಸುಮ್ಮನಿರದೆ, ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ. ಎರಡು, ಕಾಯಿಲೆಯವರ ಮನೆಗೆ ಹೋದಾಗ ‘ಯಾಕೆ ಬಂತು’ ಎಂದು ಕೇಳಬೇಡಿ. ಮಕ್ಕಳನ್ನು ಶಾಲೆಯಿಂದ ಕರೆತನ್ನಿ, ಒಂದು ಹೊತ್ತಿನ ಸಾರು ಮಾಡಿಕೊಡಿ. ಮೂರು, ನೀವು ಯಾವ ದೇವರಿಗೇ ಬೇಡಿಕೊಳ್ಳಿ, ಮಲಗಿದವರ ಮುಂದೆ ಷರತ್ತು ಇಡಬೇಡಿ. ಹಾಸಿಗೆಯ ಒಂದು ಮೂಲೆ ಹಿಡಿದು ಹೊರುವುದಷ್ಟೇ ನಮ್ಮ ಕೆಲಸ.