ಕೋವಿ ನಳಿಗೆಯ ಮೇಲಿನ ಹೆಸರು

 

ನಾನು ಭಾಷಣಕಾರನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಎಂಜಿನಿಯರ್ ಆಗಿ ಕಾಲುವೆ, ಸೇತುವೆ ಕೆಲಸ ನೋಡಿಕೊಂಡವನು. ನಿವೃತ್ತಿಯಾದ ಮೇಲೆ ಹಳೆಯ ಕಸುಬುಗಳ ಚರಿತ್ರೆ ಓದುವ ಹವ್ಯಾಸ ಹತ್ತಿದೆ. ಕಾಯಕದ ಬಗ್ಗೆ ನಾಲ್ಕು ಮಾತು ಹೇಳಿ ಅಂದಾಗ ನನಗೆ ನೆನಪಾದವನು ದೂರದ ಅಮೆರಿಕದಲ್ಲಿ ಕೋವಿ ಮಾಡುವುದನ್ನು ಕಲಿಯಲು ಕುಲುಮೆಗೆ ಸೇರಿದ ಒಬ್ಬ ಹುಡುಗ. ಮಠದಲ್ಲಿ ಕೋವಿಯ ಮಾತೇಕೆ ಎಂದು ತಾವು ಕೇಳಬಹುದು. ನನ್ನ ಮಾತು ಕೋವಿಯದ್ದಲ್ಲ, ಅದನ್ನು ಮಾಡಿದ ಕೈಯದ್ದು.

ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ 18ನೇ ಶತಮಾನದಲ್ಲಿ ತಯಾರಾದ ಉದ್ದ ನಳಿಗೆಯ ಕೋವಿಗಳು ಬಹಳ ಹೆಸರುವಾಸಿ. ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದ ನಳಿಗೆ ಅವುಗಳದ್ದು. ಆ ಗೀರಿನಿಂದ ಗುಂಡು ತಿರುಗುತ್ತಾ ಹೋಗಿ ದಿಕ್ಕು ತಪ್ಪುವುದಿಲ್ಲ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಬಗ್ಗಿಸಿ, ಬಡಿದು ಬೆಸೆದು, ಒಳಗೆ ಕೊರೆದು, ಆಮೇಲೆ ಒಂದೊಂದೇ ಗೀರು ತೆಗೆಯಬೇಕು. ಬೆಸುಗೆ ಒಂದು ಕಡೆ ಸಡಿಲವಾದರೆ ನಳಿಗೆ ಸಿಡಿದು ಹಿಡಿದವನ ಕೈ ಹೋಗುತ್ತದೆ. ಇಷ್ಟು ಹೊಣೆಯ ಕೆಲಸವಾದರೂ ಆ ಕಾಲದ ಕೋವಿಗಳಲ್ಲಿ ಹೆಚ್ಚಿನವುಗಳ ಮೇಲೆ ಮಾಡಿದವನ ಹೆಸರಿಲ್ಲ.

ಹೆಸರಿರುವ ಕೆಲವೇ ಕೋವಿಗಳಲ್ಲಿ ಕ್ರಿಶ್ಚಿಯನ್ ಓರ್ಟರ್ ಎಂಬವನವು ಸೇರಿವೆ. ನಳಿಗೆಯ ಮೇಲೆ ತನ್ನ ಹೆಸರು, ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬ ಊರ ಹೆಸರು, 1774, 1775 ಎಂಬ ವರ್ಷ, ಇಷ್ಟನ್ನು ಕೊರೆದಿದ್ದಾನೆ. ಅದೇ ಅವನ ಅಂಕಿತ. ಹುಡುಕುವವರಿಗೆ ಮೊದಲು ಸಿಕ್ಕ ಎಳೆಯೂ ಅದೇ.

ಊರ ಹೆಸರು ಹಿಡಿದು ಹೊರಟರೆ ಮೊರಾವಿಯನ್ ಎಂಬ ಕ್ರೈಸ್ತ ಪಂಗಡ ಸಿಗುತ್ತದೆ. ಜರ್ಮನಿಯ ಕಡೆಯಿಂದ ಬಂದ ಇವರು 1741ರಲ್ಲಿ ಬೆತ್ಲೆಹೆಮ್ ಎಂಬ ಊರು ಕಟ್ಟಿದರು. ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಅಲ್ಲಿಂದ ಹೆಚ್ಚು ದೂರವಿಲ್ಲದ ಪುಟ್ಟ ನೆಲೆ. ಮದುವೆಯಾಗದ ಗಂಡಸರೂ ಬೆಳೆಯುವ ಹುಡುಗರೂ ಇದ್ದು ಕಸುಬು ಮಾಡುತ್ತಿದ್ದ, ಕಲಿಯುತ್ತಿದ್ದ ಜಾಗ. 1762ರವರೆಗೆ ಇವರಲ್ಲಿ ಕೂಲಿಯೆಂಬುದೇ ಇರಲಿಲ್ಲ. ಎಲ್ಲರ ದುಡಿಮೆ ಒಂದು ಕಣಜಕ್ಕೆ, ಎಲ್ಲರ ಊಟ ಬಟ್ಟೆ ಅದೇ ಕಣಜದಿಂದ. ಯುದ್ಧಕ್ಕೆ ಆಯುಧ ಹಿಡಿಯುವುದು ತಮ್ಮ ನಂಬಿಕೆಗೆ ವಿರೋಧ ಎನ್ನುತ್ತಿದ್ದ ಜನ, ಕಾಡಿನ ಸೀಮೆಯಲ್ಲಿ ಬೇಟೆಗೆ ಬೇಕಾದ ಕೋವಿ ಮಾಡುತ್ತಿದ್ದರು. 1775ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಈ ಎರಡನ್ನೂ ಸಂಭಾಳಿಸುವುದು ಅವರಿಗೆ ಸುಲಭವಾಗಿರಲಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ.

ಈ ಜನರಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ನೆಲೆಯ ದಿನಚರಿ ಬರೆಯುತ್ತಿದ್ದರು; ಯಾರು ಬಂದರು, ಯಾರು ಹೋದರು ಎಂದು ಪಟ್ಟಿ ಇಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡದೆಂದರೆ ಪ್ರತಿಯೊಬ್ಬರ ಬಾಳಿನ ಕಥೆ ಬರೆದಿಟ್ಟು, ಅವರು ತೀರಿಕೊಂಡಾಗ ಅದನ್ನು ಸಭೆಯಲ್ಲಿ ಓದುತ್ತಿದ್ದರು. ಪಾದ್ರಿಗೂ ಅದೇ, ಅಡುಗೆಯವಳಿಗೂ ಅದೇ, ಕಮ್ಮಾರನಿಗೂ ಅದೇ. ಹಳೆಯ ಜರ್ಮನ್ ಕೈಬರಹದ ಆ ಕಾಗದಗಳು ಬೆತ್ಲೆಹೆಮ್ಮಿನ ದಾಖಲೆ ಭಂಡಾರದಲ್ಲಿ ಇಂದಿಗೂ ಇವೆ.

ಇಂಥ ದಾಖಲೆಗಳಿಂದಲೇ ಓರ್ಟರನ ಗುರು ಯಾರೆಂದು ನಮಗೆ ತಿಳಿಯುತ್ತದೆ. ಆತ ಆಂಡ್ರಿಯಾಸ್ ಆಲ್ಬ್ರೆಕ್ಟ್. ಕೋವಿ ಕಸುಬಿಗೆ ಹೆಸರಾದ ಜರ್ಮನಿಯ ಸೂಲ್ ಸೀಮೆಯವನು, 1750ರಲ್ಲಿ ಅಮೆರಿಕಕ್ಕೆ ಬಂದವನು. 1747ರಲ್ಲಿ ಹುಟ್ಟಿದ ಓರ್ಟರ್ ಹುಡುಗನಾಗಿದ್ದಾಗಲೇ ಅವನ ಕೈಕೆಳಗೆ ಸೇರಿದ. 1766ರಲ್ಲಿ ಆಲ್ಬ್ರೆಕ್ಟ್ ಬೇರೆ ಕೆಲಸಕ್ಕೆ ಹೋದಾಗ ಕುಲುಮೆ ಈ ಹುಡುಗನ ಕೈಗೆ ಬಂತು. ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. 1777ರಲ್ಲಿ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಇಷ್ಟು ಚಿಕ್ಕ ಬಾಳು, ಆದರೂ ಕಳೆದುಹೋಗಲಿಲ್ಲ.

ಅದೇ ಕಾಲದ ಇಂಗ್ಲೆಂಡಿನಲ್ಲಿ ಇಂಥ ಹುಡುಗನನ್ನು ಹುಡುಕಿದರೆ ಏನು ಸಿಗುತ್ತದೆ ನೋಡಿ. ಅಲ್ಲಿ 1710ರಿಂದ, ಕಸುಬು ಕಲಿಸಲು ಗುರು ಪಡೆಯುವ ಹಣದ ಮೇಲೆ ಸರ್ಕಾರ ತೆರಿಗೆ ಹಾಕಿತು. ತೆರಿಗೆ ಪುಸ್ತಕದಲ್ಲಿ ಗುರುವಿನ ಹೆಸರು, ಕಸುಬು, ಕಲಿಯುವ ಹುಡುಗನ ಹೆಸರು, ಅವನ ತಂದೆಯ ಹೆಸರು ಬರೆದರು. ಶತಮಾನದ ನಡುವಿನ ಹೊತ್ತಿಗೆ ತಂದೆಯ ಹೆಸರು ಬರೆಯುವುದನ್ನು ಬಹುಮಟ್ಟಿಗೆ ಕೈಬಿಟ್ಟರು. ಹಣದ ಲೆಕ್ಕಕ್ಕೆ ಅದು ಬೇಕಿರಲಿಲ್ಲ. ಊರಿನ ಧರ್ಮದ ದುಡ್ಡಿನಲ್ಲಿ ಕಸುಬಿಗೆ ಸೇರಿದ ಬಡ ಹುಡುಗರಿಗೆ ತೆರಿಗೆ ಇರಲಿಲ್ಲ, ಹಾಗಾಗಿ ಆ ಪುಸ್ತಕದಲ್ಲಿ ಅವರು ಇಲ್ಲವೇ ಇಲ್ಲ. ಹಣ ಬರೆಸಿದ ಪುಸ್ತಕದಲ್ಲಿ ಬಡವನಿಗೆ ಜಾಗವಿರಲಿಲ್ಲ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಪ್ರಸಂಗ ನೆನಪಾಗಿ ನಿದ್ದೆ ಬರಲಿಲ್ಲ. ಸೇವೆಯ ಕೊನೆಯ ವರ್ಷಗಳಲ್ಲಿ ಒಬ್ಬ ಯುವಕ ಕಚೇರಿಗೆ ಬಂದ. “ಸಾಹೇಬ್ರ, ನಮ್ಮಪ್ಪ ಈ ಕಾಲುವಿ ಕಲ್ಲು ಕೆಲಸ ಮಾಡ್ಯಾನ್ರಿ. ಅವನ ಹೆಸರು ಎಲ್ಲ್ಯಾರ ಐತೇನ್ರಿ?” ಎಂದ. ಅವನಿಗೆ ದುಡ್ಡು ಬೇಕಿರಲಿಲ್ಲ, ನೋಡಬೇಕಿತ್ತು ಅಷ್ಟೆ. ಅಳತೆ ಪುಸ್ತಕದಲ್ಲಿ ಎಷ್ಟು ಘನಮೀಟರ್ ಕಲ್ಲು ಎಂದಿತ್ತು. ಕಂತ್ರಾಟುದಾರನ ಹೆಸರಿತ್ತು, ನನ್ನ ರುಜುವೂ ಇತ್ತು. ಕೂಲಿಯವರ ಹೆಸರು, ಹೆಬ್ಬೆಟ್ಟು ಇದ್ದ ಮಸ್ಟರ್ ರೋಲ್‌ಗಳನ್ನು ಅವಧಿ ಮುಗಿಯಿತೆಂದು ಹಿಂದೆಯೇ ನಾಶ ಮಾಡಲಾಗಿತ್ತು. ನಾಶಪಡಿಸುವ ಪಟ್ಟಿಗೆ ರುಜು ಹಾಕಿದವನೂ ನಾನೇ. ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಆದರೂ ಆ ಹುಡುಗ “ಇರ್ಲಿ ಬಿಡ್ರಿ” ಎಂದು ಹೊರಟದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಕಾಯಕವೇ ದೊಡ್ಡದು ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಮಾಡಿದವರ ಹೆಸರು ಕೇಳಿದರೆ ಎಷ್ಟು ಜನ ಹೇಳಬಲ್ಲೆವು? ಈ ಕಟ್ಟಡದ ಕಲ್ಲು ಕೆತ್ತಿದವರು ಯಾರು? ದಾಸೋಹದ ಮನೆಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದ ತಾಯಿಯ ಹೆಸರೇನು? ದಾನಿಗಳ ಹೆಸರು ಗೋಡೆಯ ಮೇಲಿದೆ, ಇರಲಿ. ದುಡಿದವರದ್ದೂ ಒಂದು ಪುಸ್ತಕದಲ್ಲಾದರೂ ಇರಲಿ.

ಅದಕ್ಕೆ ನನ್ನದೊಂದು ಕೋರಿಕೆ. ಮಠದಲ್ಲಿ ಒಂದು ದಪ್ಪ ರಿಜಿಸ್ಟರ್ ಇಡೋಣ. ಪ್ರತಿ ಮನೆಯಿಂದ ಒಬ್ಬ ದುಡಿದ ಹಿರಿಯರ ಬಗ್ಗೆ ಒಂದು ಪುಟ ಸಾಕು. ಹೆಸರು, ಹುಟ್ಟಿದ ಊರು, ತಾಯಿ ತಂದೆ, ಕಸುಬು ಕಲಿತದ್ದು ಯಾರ ಹತ್ತಿರ, ಕಲಿಸಿದ್ದು ಯಾರಿಗೆ, ಕೈಯಾರೆ ಮಾಡಿದ ಕೆಲಸ ಯಾವುದು. ಬರೆಯಲು ಬಾರದವರು ಹೇಳಲಿ, ನಮ್ಮ ಶಾಲೆಯ ಮಕ್ಕಳು ಬರೆದುಕೊಳ್ಳಲಿ. ಹಿರಿಯರು ಇರುವಾಗಲೇ ಕೇಳಬೇಕು. ಆಮೇಲೆ ಕೇಳಲು ಯಾರೂ ಸಿಗುವುದಿಲ್ಲ.

ಆ ಯುವಕನ ಊರು ನನಗೆ ಗೊತ್ತು. ಮೊದಲ ಪುಟಕ್ಕೆ ಅವನ ತಂದೆಯ ವಿವರ ಬರೆದು ತರುವ ಜವಾಬ್ದಾರಿ ನನ್ನದು. ಎರಡನೇ ಪುಟ ಯಾರದ್ದು ಎಂಬುದನ್ನು ತಾವು ಹೇಳಿ.