ತಾತನ ಒಂಟಿ ಗುಂಡಿನ ಬಂದೂಕು ಯಾರ ಪಾಲಿಗೆ?

ಇವತ್ತು ಆನೆಗೊಂದಿಯಿಂದನೇ ಮಾತಾಡ್ತಿದ್ದೀನಿ, ಹೊಳೆ ದಂಡೆ ಮೇಲೆ ಕೂತು. ನಡುವೆ ಗಾಳಿ ಸದ್ದು, ಟೂರಿಸ್ಟ್ ಬೈಕ್ ಸದ್ದು ಬಂದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಮೊದಲು ಒಂದು ಪ್ರಶ್ನೆ. ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ ಯಾರ್ಯಾರು ಓಡಿಸಿದ್ದೀರಿ? ಆ ಬಿಎಸ್‌ಎ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಇಂಗ್ಲೆಂಡಿನ ಬಂದೂಕು ತಯಾರಕರು ಸೇರಿ ಕಟ್ಟಿದ ಕಂಪನಿ. ಮೊದಲು ಬಂದೂಕು, ಆಮೇಲೆ ಸೈಕಲ್ಲು, ಬೈಕು. ಒಂದಕ್ಕೊಂದು ಒರಗಿ ನಿಂತ ಮೂರು ಬಂದೂಕು ಅವರ ಗುರುತು. ನಾನು ಆ ಗುರುತನ್ನ ಮೊದಲು ನೋಡಿದ್ದು ಸೈಕಲ್ ಮೇಲಲ್ಲ, ನಮ್ಮ ತಾತನ ಬಂದೂಕಿನ ಮೇಲೆ.

ಅದು ಒಂಟಿ ಗುಂಡಿನ ರೈಫಲ್. ಒಂದು ಸಲಕ್ಕೆ ಒಂದೇ ತೋಟಾ. ಕೈಹಿಡಿ ಕೆಳಗೆ ಒಂದು ಲಿವರ್ ಇದೆ, ಅದನ್ನ ಕೆಳಗೆ ಒತ್ತಿದ್ರೆ ಒಳಗಿನ ಉಕ್ಕಿನ ತುಂಡು ಮುಂದಕ್ಕೆ ಬಾಗಿ ಬಾಯಿ ಬಿಡುತ್ತೆ. ತೋಟಾ ಇಡಬೇಕು, ಲಿವರ್ ಮೇಲೆತ್ತಬೇಕು, ಮುಗೀತು. ಇದಕ್ಕೆ ಮಾರ್ಟಿನಿ ಆ್ಯಕ್ಷನ್ ಅಂತಾರೆ. 1871ರಲ್ಲಿ ಬ್ರಿಟಿಷ್ ಸೈನ್ಯ ತಗೊಂಡ ಮಾರ್ಟಿನಿ-ಹೆನ್ರಿಯಲ್ಲಿ ಇದ್ದದ್ದೂ ಇದೇ. ಮರುವರ್ಷ ಸ್ಕಾಟ್ಲೆಂಡಿನ ಜಾನ್ ಫಾರ್ಕ್ವಾರ್ಸನ್ ಇನ್ನೊಂದಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ತುಂಡು ಬಾಗೋದಿಲ್ಲ, ಅಂಗಡಿ ಶಟರ್ ಥರ ನೆಟ್ಟಗೆ ಕೆಳಗಿಳಿಯುತ್ತೆ. ಬ್ರಿಸ್ಟಲ್‌ನ ಜಾರ್ಜ್ ಗಿಬ್ಸ್ ಕಂಪನಿ ಅದನ್ನ ಮಾಡಿ ಮಾರಿತು. ಇವತ್ತು ಇಂಗ್ಲೆಂಡ್, ಅಮೆರಿಕದ ಸಂಗ್ರಹಕಾರರು ಅದರ ಹೆಸರು ಕೇಳಿದ್ರೆ ಕುರ್ಚಿ ಬಿಟ್ಟು ಏಳ್ತಾರೆ.

ಎರಡು ನಳಿಗೆ ಬಂದೂಕು ಇದ್ದಾಗ ಒಂದೇ ಗುಂಡಿನದ್ದು ಯಾಕೆ ಅಂತ ನಾನೂ ತಾತನ್ನ ಕೇಳಿದ್ದೆ. "ಎರಡನೇದು ಐತಿ ಅಂತ ಗೊತ್ತಿದ್ರ ಮೊದಲನೇದು ತಪ್ತದ" ಅಂದಿದ್ರು. ಜೊತೆಗೆ ಇದು ಹಗುರ, ಅಗ್ಗ, ಕೆಡೋದಕ್ಕೆ ಭಾಗಗಳೂ ಕಡಿಮೆ.

ನಳಿಗೆ ಮೇಲೆ ಕಿರೀಟ, ಅದರ ಕೆಳಗೆ ಬಿ.ಪಿ., ಬಿ.ವಿ. ಅಂತ ಸಣ್ಣ ಅಕ್ಷರ. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮುದ್ರೆ ಅದು, 1904ರಿಂದ ಹೊಡೀತಾ ಬಂದದ್ದು. ಅಂದ್ರೆ ನಮ್ಮದು ಅದಕ್ಕಿಂತ ಹಳೇದಲ್ಲ. ಮನೇಲಿ "ರಾಣಿ ಕಾಲದ್ದು" ಅಂತಿದ್ರು. ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ. ಸಾರಿ ತಾತ.

ಈಗ ಈ ಹೊಳೆ ನೋಡಿ. 1948ರವರೆಗೆ ಈ ದಂಡೆ ನಿಜಾಮರದ್ದು, ಆ ದಂಡೆ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ. ಬ್ರಿಟಿಷರ 1878ರ ಶಸ್ತ್ರ ಕಾಯ್ದೆ ಆ ದಂಡೆಗೆ. ಅದರಲ್ಲಿ ನಮ್ಮವರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಅದಕ್ಕೂ ಮೊದಲು, 1857ರಲ್ಲಿ, ಆಯುಧ ಒಪ್ಪಿಸಿ ಅಂದಾಗ ಮುಧೋಳ ಹತ್ತಿರದ ಹಲಗಲಿ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೆ ಹೋದ್ರು. ಮರುವರ್ಷ ಮುಂಡರಗಿ ಭೀಮರಾಯ ನಮ್ಮ ಕೊಪ್ಪಳ ಕೋಟೆಯಲ್ಲೇ ಹೋರಾಡಿ ಸತ್ತ. ಇಲ್ಲಿಯವರ ಕೈಯಿಂದ ಬಂದೂಕು ಕಸಿದ ಮೇಲೆ ಸಾಹೇಬರ ಶಿಕಾರಿ ರೈಫಲ್‌ಗಳು ಹಡಗು ಹಡಗು ಬಂದಿಳಿದವು. ಆ ರೈಫಲ್‌ಗಳ ಅಂದ ಹೊಗಳೋ ವಿಡಿಯೋಗಳಲ್ಲಿ ಈ ಭಾಗ ಇರೋದೇ ಇಲ್ಲ.

ಭಯ ಎಷ್ಟಿತ್ತು ಅಂದ್ರೆ, ಕಳವಾದ ಮಾರ್ಟಿನಿ-ಹೆನ್ರಿಗಳಿಗೆ ಗುಂಡು ಸಿಗಬಾರದು ಅಂತ 1900ರ ದಶಕದಲ್ಲಿ ಪಾಯಿಂಟ್ 450 ರೈಫಲ್‌ಗಳನ್ನ ಭಾರತಕ್ಕೆ ತರೋದೇ ನಿಲ್ಲಿಸಿದ್ರು. ಕಂಪನಿಗಳು ಸುಮ್ಮನಿರ್ತಾವಾ? ಪಾಯಿಂಟ್ 465, ಪಾಯಿಂಟ್ 470 ಅಂತ ಹೊಸ ಅಳತೆ ಹುಟ್ಟಿಸಿ ಮಾರಿದ್ವು. ನಮ್ಮ ಬಿಕಾಂನಲ್ಲಿ ಇದನ್ನ ಪಾಠ ಮಾಡಿದ್ರೆ ನಾನು ಫಸ್ಟ್ ಕ್ಲಾಸ್ ಬರ್ತಿದ್ದೆ.

ಇರಲಿ, ಮನೆ ವಿಷಯಕ್ಕೆ ಬರ್ತೀನಿ. ತಾತನ ಲೈಸೆನ್ಸ್ ಬೆಳೆ ರಕ್ಷಣೆಗೆ. ಬಾಳೆತೋಟಕ್ಕೆ ಕಾಡುಹಂದಿ ಕಾಟ ಇತ್ತು. ಗಾಳಿಗೆ ಹೊಡೆದು ಓಡಿಸ್ತಿದ್ರು. ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರ್ತಿದ್ರು. ಅವರು ಹೋದ ಮೇಲೆ ನಾವು ತಿಥಿ ಮಾಡಿದ್ವಿ, ಪಹಣಿಗೆ ಅರ್ಜಿ ಕೊಟ್ವಿ. ಬಂದೂಕು ಅಟ್ಟದ ಮೇಲೆ ಎಂಟು ತಿಂಗಳು ಹಂಗೇ ಉಳೀತು. ತಪ್ಪು ನಮ್ಮದೇ.

ಆಗ ಒಂದು ಫೋನ್ ಬಂತು. ನಮ್ಮ ಹತ್ರ ಇದೆ ಅಂತ ಅವನಿಗೆ ಹೆಂಗೆ ಗೊತ್ತಾಯ್ತೋ. "ಆ್ಯಂಟಿಕ್ ಐತಲ್ರಿ, ಲೈಸೆನ್ಸ್ ಯಾಕ ಬೇಕು? ನಗದು ಕೊಡ್ತೀನಿ." ಅಪ್ಪನ ಮೇಲೆ ಭತ್ತದ ಸಾಲ ಇತ್ತು. ಅವನು ಹೇಳಿದ ಮೊತ್ತ ಆ ಸಾಲದ ಅರ್ಧಕ್ಕೆ ಬರ್ತಿತ್ತು. ಅಪ್ಪ ಹೂಂ ಅನ್ನೋದೊಂದು ಬಾಕಿ.

ಆ ರಾತ್ರಿ ನಾನು 1959ರ ಕಾಯ್ದೆ ಓದಿದೆ, ಮೊಬೈಲ್‌ನಲ್ಲೇ. ಹಳೇದಾದ ಮಾತ್ರಕ್ಕೆ ವಿನಾಯಿತಿ ಇಲ್ಲ. ರಿಪೇರಿ ಮಾಡಿದ್ರೂ ಹಾರದ ಬಂದೂಕಿಗೆ ಮಾತ್ರ ಅದು. ನಮ್ಮದು ಹಾರುತ್ತೆ. ಲೈಸೆನ್ಸ್ ಇಲ್ಲದೆ ಇಟ್ಕೊಂಡ್ರೆ, 2019ರ ತಿದ್ದುಪಡಿ ನಂತರ, ಕನಿಷ್ಠ ಎರಡು ವರ್ಷ ಜೈಲು. ಅದೇ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕು ಇದ್ದದ್ದನ್ನ ಎರಡಕ್ಕೆ ಇಳಿಸಿತು. ಹಂಗಾಗಿ ವಿದೇಶದವರ ಥರ ಗೋಡೆ ತುಂಬ ನೇತುಹಾಕೋ ಕನಸಿದ್ರೆ ಇಲ್ಲೇ ಬಿಡಿ. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ, 1861ರಿಂದ ಬಂದದ್ದು, ಆ ಕಥೆ ಬೇರೆ.

ಬೆಳಗ್ಗೆ ಅಪ್ಪ, ನಾನು ಠಾಣೆಗೆ ಹೋದ್ವಿ. ಕೈ ನಡುಗ್ತಿತ್ತು. "ಇಷ್ಟ್ ದಿನ ಎಲ್ಲಿದ್ರಿ?" ಅಂತ ಸರಿಯಾಗಿ ಬೈಸ್ಕೊಂಡ್ವಿ. ಕೊನೆಗೆ ಬಂದೂಕು ಜಮಾ ಮಾಡ್ಕೊಂಡು ರಸೀದಿ ಕೊಟ್ರು. ವಾರಸುದಾರರು ಅರ್ಜಿ ಹಾಕಬಹುದು, ಉಳಿದ ವಾರಸುದಾರರ ಒಪ್ಪಿಗೆ ತನ್ನಿ ಅಂದ್ರು.

ಒಪ್ಪಿಗೆ ಪತ್ರ ಹಿಡ್ಕೊಂಡು ಕುಷ್ಟಗಿಯಲ್ಲಿರೋ ದೊಡ್ಡತ್ತೆ ಹತ್ರ ಹೋದೆ. ಅಪ್ಪನ ಹೆಸರಿಗೆ ಅಂತ ಬರೆದಿತ್ತು. ಅತ್ತೆ ಓದಿದ್ರು, ಮಡಚಿ ವಾಪಸ್ ಕೊಟ್ರು.

"ನಾ ಸಹಿ ಹಾಕಂಗಿಲ್ಲಪ."

ದುಡ್ಡು ಕೇಳ್ತಾರೇನೋ ಅಂದ್ಕೊಂಡೆ. ಅವರು ಹೇಳಿದ್ದು ಬೇರೆ. "ಹೊಲದಾಗ ಪಾಲು ಕೇಳಲಿಲ್ಲ ನಾ. ನಿಮ್ಮಪ್ಪ ಗಂಗಾವತಿಯೊಳಗ ಸಾಲಿ ಓದೂ ಮುಂದ ರಾತ್ರಿ ತ್ವಾಟಕ್ಕ ಯಾರು ಹೊಕ್ಕಿದ್ರು? ಬ್ಯಾಟ್ರಿ ಹಿಡಿಯಾಕಿ ನಾ, ತೋಟಾ ಎಣಿಸಿ ಕೊಡಾಕಿ ನಾ. ಲಿವರಿಗೆ ಎಣ್ಣಿ ಹಾಕೂದು ನಿಮ್ಮಪ್ಪಗ ಬರ್ತದೇನು, ಕೇಳು."

ಕೇಳಿದೆ. ಅಪ್ಪನಿಗೆ ಬರಲ್ಲ. ಸುಮಾರು ಹೊತ್ತು ಸುಮ್ಮನಿದ್ದು, "ಅಕ್ಕಗ ಕೊಡೋಣ" ಅಂದ್ರು. ನೆಂಟರಲ್ಲಿ ನಗಾಡಿದವರು ಬಹಳ ಜನ. ಐವತ್ತೆಂಟು ವರ್ಷದ ಹೆಣ್ಣುಮಗಳಿಗೆ ಬಂದೂಕು ಯಾಕೆ ಅಂತ. ಮಗನಿಗೆ ಇರೋ ಹಕ್ಕು ಮಗಳಿಗೂ ಇದೆ ಅಂತ ನಾನು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಇಬ್ಬರು ಗ್ರೂಪ್ ಬಿಟ್ರು.

ಈಗ ಅರ್ಜಿ ಅತ್ತೆ ಹೆಸರಲ್ಲಿ ಡಿಸಿ ಆಫೀಸಲ್ಲಿದೆ. ಸಾಲ ಹಂಗೇ ಇದೆ. ಲೈಸೆನ್ಸ್‌ಗೆ ಬಂದೂಕು ಸುರಕ್ಷತಾ ತರಬೇತಿ ಸರ್ಟಿಫಿಕೇಟೂ ಬೇಕು. ಸೋಮವಾರ ಅತ್ತೆನ ಬೈಕ್ ಮೇಲೆ ಕೂರಿಸ್ಕೊಂಡು ಅದಕ್ಕೆ ಹೋಗ್ತಿದ್ದೀನಿ. ರೆಕಾರ್ಡರ್ ತಗೊಂಡು ಬರ್ಲಾ ಅಂತ ಕೇಳಿದ್ದೆ. "ತಗೊಂಡ್ ಬಾ, ಆದ್ರ ಬಾಯಿ ಮುಚ್ಕೊಂಡ್ ಕೂಡು" ಅಂದಿದ್ದಾರೆ. ಮುಂದಿನ ಎಪಿಸೋಡಲ್ಲಿ ಅವರೇ ಮಾತಾಡ್ತಾರೆ. ಸಿಗೋಣ.