ಕೂಸಿನ ಆಸೆ ಬಿಡಬೇಕಿಲ್ಲ
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರನಲ್ಲ, ಮ್ಯಾಟ್ರಿಕ್ ಪಾಸಾಗಿ ಗಿರಣಿಯಲ್ಲಿ ಹಾಜರಿ ಬರೆಯುವ ಕಾರಕೂನ. ಆದರೂ ಈ ವಿಷಯವಾಗಿ ಮಾತಾಡಲು ಕಾರಣವುಂಟು. ಎರಡು ವರ್ಷದ ಹಿಂದೆ ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ ನಮ್ಮ ಕಡೆಯ ತರುಣನೊಬ್ಬ ತಡೆದು ನಿಂತ. "ನನಗ ಎಚ್.ಐ.ವಿ. ಐತಿ, ಅಣ್ಣಾ. ಆಕಿಗೆ ಇಲ್ಲ. ಊರಾಗ ಅವ್ವ ಮೊಮ್ಮಗನ ಮಾರಿ ಯಾವಾಗ ತೋರಸ್ತಿ ಅಂತಾಳ. ನಾವು ಕೂಸಿನ ಆಸೆ ಬಿಡಬೇಕೇನು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಗಂಡಹೆಂಡಿರೊಡನೆ ಸರಕಾರಿ ದವಾಖಾನೆಯ ಎ.ಆರ್.ಟಿ. ಕೇಂದ್ರಕ್ಕೆ ಹೋಗಿ ತಿಳಿದುಕೊಂಡದ್ದನ್ನು ಅವರ ಒಪ್ಪಿಗೆಯಿಂದ ಹೇಳುತ್ತೇನೆ. ಹೆಸರು ಮಾತ್ರ ಹೇಳುವದಿಲ್ಲ.

ಉತ್ತರವಿಷ್ಟೇ: ಆಸೆ ಬಿಡಬೇಕಿಲ್ಲ, ಅವಸರ ಮಾಡಬಾರದು.

ಮೊದಲನೆಯದು ಗುಳಿಗೆ. ಸರಕಾರವು 2004ರಿಂದ ಇದನ್ನು ಪುಕ್ಕಟೆ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿದರೆ ರಕ್ತದೊಳಗಿನ ವೈರಾಣು ತಪಾಸಣೆಗೆ ಸಿಗದಷ್ಟು ಇಳಿಯುತ್ತದೆ. ವೈರಲ್ ಲೋಡ್ ಎಂಬ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಹಾಗೆ ಇಳಿದು ನಿಂತವರ ಸಂಭೋಗದಿಂದ ಜೊತೆಗಾರರಿಗೆ ಸೋಂಕು ತಗಲುವದಿಲ್ಲ. ಇದು ಬರಿ ಸಮಾಧಾನದ ಮಾತಲ್ಲ. 2016ರಲ್ಲಿ ಪ್ರಕಟವಾದ ಯುರೋಪಿನ ಅಭ್ಯಾಸದಲ್ಲಿ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ್ದರೂ, ಗುಳಿಗೆಯಲ್ಲಿದ್ದ ಜೊತೆಗಾರನಿಂದ ಸೋಂಕು ತಗಲಿದ್ದು ಒಂದೂ ಕಂಡುಬರಲಿಲ್ಲ.

ಎರಡನೆಯದು ಕಾಲ. ಆರು ತಿಂಗಳಾದರೂ ವೈರಾಣು ಅಡಗಿದೆಯೆಂದು ಡಾಕ್ಟರರು ಹೇಳುವವರೆಗೆ ಕಾಂಡೋಮ್ ಬಿಡಬಾರದು. ಇಬ್ಬರೂ ಗುಪ್ತರೋಗಗಳ ತಪಾಸಣೆ ಮಾಡಿಸಿಕೊಳ್ಳಬೇಕು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಆ ದಿನ ಮತ್ತು ಅದರ ಹಿಂದಿನ ಐದು ದಿನಗಳೇ ಗರ್ಭ ನಿಲ್ಲುವ ದಿನಗಳು.

ಬೇರೆ ದಾರಿಗಳೂ ಇವೆ. ಸೋಂಕಿಲ್ಲದವರು ಡಾಕ್ಟರರ ಸಲಹೆಯಿಂದ ಪ್ರೆಪ್ ಎಂಬ ಮುಂಜಾಗ್ರತೆಯ ಗುಳಿಗೆ ನುಂಗಬಹುದು. ಸೋಂಕು ಗಂಡನಿಗಿದ್ದರೆ ವೀರ್ಯವನ್ನು ತೊಳೆದು ಗರ್ಭಕ್ಕೆ ಸೇರಿಸುವ ಉಪಾಯವುಂಟು. ಖರ್ಚು ಮಾತ್ರ ಹೆಚ್ಚು. ಹೆಂಡತಿಗಿದ್ದರೆ ಸೂಜಿಯಿಲ್ಲದ ಪಿಚಕಾರಿಯಿಂದ ಗಂಡನ ವೀರ್ಯವನ್ನು ಒಳಗೆ ಸೇರಿಸಬಹುದು, ಗಂಡನಿಗೆ ಅಪಾಯವಿಲ್ಲ. ಆದರೆ ಆಕೆ ಬಸಿರಿನಲ್ಲೂ ಮೊಲೆಯುಣಿಸುವಾಗಲೂ ಗುಳಿಗೆ ಬಿಡಬಾರದು, ಹುಟ್ಟಿದ ಕೂಸಿಗೂ ಔಷಧ ಕುಡಿಸಬೇಕು. ಏನೂ ಮಾಡದಿದ್ದರೆ ನೂರು ಕೂಸುಗಳಲ್ಲಿ 15ರಿಂದ 45ಕ್ಕೆ ಸೋಂಕು ತಗಲುತ್ತದೆ. ಉಪಚಾರವಿದ್ದರೆ ಐದಕ್ಕಿಂತ ಕಡಿಮೆ.

ನಮ್ಮಂಥ ಪರಊರಿನವರಿಗೆ ಇನ್ನೊಂದು ಮಾತು. ಜಾತ್ರೆಗೋ ಸುಗ್ಗಿಗೋ ಊರಿಗೆ ಹೋಗುವಾಗ ಸಾಕಾಗುವಷ್ಟು ಗುಳಿಗೆ ಇಟ್ಟುಕೊಳ್ಳಿ. ಹೆಚ್ಚು ದಿನ ನಿಲ್ಲುವದಿದ್ದರೆ ಊರ ಹತ್ತಿರದ ಕೇಂದ್ರಕ್ಕೆ ಕಾಗದ ಬರೆಸಿಕೊಳ್ಳಿ. ಗುಳಿಗೆ ತಪ್ಪಿದರೆ ವೈರಾಣು ಮತ್ತೆ ಏಳುತ್ತದೆ. ಗುಟ್ಟು ಹೊರಬಿದ್ದೀತೆಂಬ ಹೆದರಿಕೆಯೇ? 2017ರ ಕಾಯದೆಯು ಗುಟ್ಟನ್ನು ಕಾಯುತ್ತದೆ, ಇದೇ ಕಾರಣಕ್ಕೆ ಕೆಲಸದಿಂದ ತೆಗೆಯುವದನ್ನೂ ತಡೆಯುತ್ತದೆ. 1097ಕ್ಕೆ ಪುಕ್ಕಟೆ ಫೋನು ಮಾಡಿ ಕೇಳಬಹುದು.

ಆ ತರುಣನ ಹೆಂಡತಿಗೆ ಈಗ ಏಳು ತಿಂಗಳು. ತಪಾಸಣೆಯಲ್ಲಿ ಆಕೆಗೆ ಸೋಂಕಿಲ್ಲ. ಇನ್ನು ಮುಂದೆ ಯಾರೂ ಇಂಥ ಪ್ರಶ್ನೆಯನ್ನು ಬಾಗಿಲು ಹಾಕುವ ಹೊತ್ತಿನವರೆಗೆ ಕಾದು ಕೇಳುವಂತಾಗದಿರಲಿ ಎಂದು ಬೇಡಿ ನನ್ನ ನಾಲ್ಕು ಮಾತು ಮುಗಿಸುತ್ತೇನೆ.